ಹಿಂಬದಿ ವೈಪರ್ ಅಲ್ಲಾಡುತ್ತಿಲ್ಲ, ಫ್ಯೂಸ್ ಸರಿಯಿದೆ

ತೀರ್ಥಹಳ್ಳಿಯವ: ನನ್ನ ಹ್ಯಾಚ್‌ಬ್ಯಾಕ್ ಕಾರಿನ ಹಿಂಬದಿ ವೈಪರ್ ಹತ್ತು ದಿನಗಳಿಂದ ಕೆಲಸ ಮಾಡುತ್ತಿಲ್ಲ. ಆಗುಂಬೆ ಘಾಟಿಯಲ್ಲಿ ಚಕ್ರ ಎರಚುವ ಕೆಸರು ಹಿಂಗಾಜಿಗೆ ಮೆತ್ತಿಕೊಂಡರೆ, ಹಿಂದೆ ಬಸ್ಸು ಬರುತ್ತಿದೆಯೋ ಇಲ್ಲವೋ ಎಂಬುದೂ ತಿಳಿಯುವುದಿಲ್ಲ. ಫ್ಯೂಸ್ ಸರಿಯಿದೆ. ಗ್ಯಾರೇಜಿನವರು ಡಿಕ್ಕಿ ತೆರೆದೂ ನೋಡದೆ ಮೋಟಾರ್ ಬದಲಿಸಬೇಕೆಂದರು. ಪರಿಹಾರ ತಿಳಿಸಿ.

ಹಳೇ ಡೀಸೆಲ್: ಸ್ವಿಚ್ ಹಾಕಿದಾಗ ಮೋಟಾರ್ ಸದ್ದು ಮಾಡುತ್ತದೆಯೇ, ನೀರು ಚಿಮ್ಮುತ್ತದೆಯೇ ಎಂಬುದನ್ನೂ ಬರೆಯದಿದ್ದರೆ ಜಾತಕ ನೋಡಿಯೇ ಹೇಳಬೇಕಾಗುತ್ತದೆ. ಆದರೂ ಇದು ತುಕ್ಕಿನ ಕೆಲಸವೆಂದೇ ನನ್ನ ಅನಿಸಿಕೆ. ಬೇಸಿಗೆಯಿಡೀ ಬಳಸದ ವೈಪರಿನ ತೋಳು ತಿರುಗಿಸುವ ಶಾಫ್ಟಿಗೆ ನೀರಿಳಿದರೆ ಅದು ಬಿಗಿದುಕೊಳ್ಳುತ್ತದೆ. ತೋಳನ್ನು ಕಳಚಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ.

ತೀರ್ಥಹಳ್ಳಿಯವ: ನೀರು ಚಿಮ್ಮುತ್ತದೆ, ಮೋಟಾರಿನ ಸದ್ದಿಲ್ಲ. ನೀವು ಹೇಳಿದಂತೆ ಎಣ್ಣೆ ಹಾಕಿ ತೋಳನ್ನು ಮತ್ತೆ ಕೂರಿಸಿದೆ. ಏನೂ ಪ್ರಯೋಜನವಾಗಲಿಲ್ಲ.

ಹಳೇ ಡೀಸೆಲ್: ಒಂದು ರಾತ್ರಿ ಸಾಲದಿರಬಹುದು, ಇನ್ನೆರಡು ದಿನ ಹಾಕಿ ನೋಡಿ. ನನ್ನ ಕಾರಿನಲ್ಲಿ ನಾಲ್ಕು ದಿನ ಹಿಡಿದಿತ್ತು. ಆಮೇಲೆ ಪ್ರತಿ ಮೇ ತಿಂಗಳಲ್ಲಿ ಬಿಚ್ಚಿ ಗ್ರೀಸ್ ಹಚ್ಚುತ್ತೇನೆ. ಹನ್ನೊಂದು ವರ್ಷಗಳಿಂದ ಅದೇ ಮೋಟಾರ್ ಓಡುತ್ತಿದೆ.

ತಾಮ್ರದ ತಂತಿ: ಬಿಗಿದುಕೊಂಡ ಮೋಟಾರಿಗೆ ಕರೆಂಟ್ ಹೋದರೆ ಅದು ನರಳುತ್ತದೆ, ಇಲ್ಲವೇ ಫ್ಯೂಸ್ ಸುಡುತ್ತದೆ. ಇಲ್ಲಿ ಎರಡೂ ಆಗಿಲ್ಲ. ನೀರಿನ ಪಂಪ್ ಹೆಚ್ಚಿನ ಕಾರುಗಳಲ್ಲಿ ಮುಂಭಾಗದಲ್ಲಿರುವುದರಿಂದ, ನೀರು ಬಂದ ಮಾತ್ರಕ್ಕೆ ಹಿಂಬಾಗಿಲಿನ ವೈರಿಂಗ್ ಸರಿಯಿದೆ ಎನ್ನಲಾಗದು. ಆ ಬಾಗಿಲಿನಲ್ಲಿ ಬೇರೇನಾದರೂ ಕೆಟ್ಟಿದೆಯೇ?

ತೀರ್ಥಹಳ್ಳಿಯವ: ನಂಬರ್ ಪ್ಲೇಟಿನ ದೀಪ ಎರಡು ತಿಂಗಳಿಂದ ಮಿಣಕುತ್ತಿತ್ತು, ಈಗ ಉರಿಯುವುದೇ ಇಲ್ಲ. ವೈಪರಿಗೂ ಅದಕ್ಕೂ ಸಂಬಂಧವಿಲ್ಲವೆಂದು ಬರೆಯಲಿಲ್ಲ.

ತಾಮ್ರದ ತಂತಿ: ಅದನ್ನೇ ಮೊದಲು ಬರೆಯಬೇಕಿತ್ತು. ಡಿಕ್ಕಿ ತೆರೆದಾಗ ಕಬ್ಜದ ಪಕ್ಕದಲ್ಲಿ, ಛಾವಣಿಯಿಂದ ಬಾಗಿಲಿಗೆ ಹೋಗುವ ಮಡಿಕೆಮಡಿಕೆಯ ರಬ್ಬರ್ ಕೊಳವೆ ಕಾಣುತ್ತದೆ. ಪ್ರತಿ ಸಲ ತೆರೆದು ಮುಚ್ಚುವಾಗಲೂ ಅದರೊಳಗಿನ, ದೀಪಕ್ಕೂ ವೈಪರಿಗೂ ಹೋಗುವ ವೈರುಗಳು ಬಗ್ಗಿ ಬಗ್ಗಿ ಕೊನೆಗೊಮ್ಮೆ ತುಂಡಾಗುತ್ತವೆ. ವೈಪರ್ ಮೋಟಾರಿನ ಪ್ಲಗ್ ಕಳಚಿ, ಸ್ವಿಚ್ ಹಾಕಿ, ವೋಲ್ಟ್ ಅಳೆಯುವ ಮಲ್ಟಿಮೀಟರಿನ ಕೆಂಪು ಕಡ್ಡಿಯನ್ನು ಕರೆಂಟ್ ಬರುವ ಪಿನ್ನಿಗೆ ಇಡಿ. ಕಪ್ಪು ಕಡ್ಡಿಯನ್ನು ಕಾರಿನ ಬಾಡಿಗೆ ತಾಗಿಸಿದಾಗ 12 ವೋಲ್ಟ್ ತೋರಿಸಿ, ಅದೇ ಪ್ಲಗ್ಗಿನ ಅರ್ತ್ ಪಿನ್ನಿಗೆ (ಕರೆಂಟ್ ವಾಪಸ್ ಹೋಗುವ ಪಿನ್ನಿಗೆ) ತಾಗಿಸಿದಾಗ ಏನೂ ತೋರಿಸದಿದ್ದರೆ ಅರ್ತ್ ವೈರ್ ತುಂಡಾಗಿದೆ ಎಂದರ್ಥ.

ಬಲ್ಬ್ ಭಕ್ತ: ಮಲ್ಟಿಮೀಟರನ್ನು ನಂಬಿ ಕೆಡಬೇಡಿ. ವೈರಿನ ಒಂದೇ ಒಂದು ಎಳೆ ಉಳಿದಿದ್ದರೂ ಅದು 12 ತೋರಿಸುತ್ತದೆ, ಆದರೆ ಆ ಎಳೆ ಮೋಟಾರನ್ನು ತಿರುಗಿಸಲಾರದು. 21 ವಾಟಿನ ಬಲ್ಬ್ ಹಚ್ಚಿ ನೋಡಿ, ನಿಜ ಹೊರಬರುತ್ತದೆ.

ತಾಮ್ರದ ತಂತಿ: ಎಲ್ಲಿ ಬೇಕೆಂದರಲ್ಲಿ ಬಲ್ಬ್ ಹಚ್ಚುವವರಿಂದಲೇ ಕಾರಿನ ಎಲೆಕ್ಟ್ರಾನಿಕ್ ಕಂಟ್ರೋಲ್ ಯೂನಿಟ್‌ಗಳು ಸುಡುವುದು. ಇಲ್ಲಿ ಅರ್ಧ ತುಂಡಾದ ವೈರಿನ ಪ್ರಶ್ನೆಯೇ ಇಲ್ಲ, ದೀಪವೂ ಪೂರ್ತಿ ಆರಿದೆ.

ಬಲ್ಬ್ ಭಕ್ತ: ವೈಪರ್ ಮೋಟಾರಿನ ಪ್ಲಗ್ಗಿಗೆ ಬಲ್ಬ್ ಹಚ್ಚಿದರೆ ಏನೂ ಸುಡುವುದಿಲ್ಲ. ಮೋಟಾರ್ ಅದಕ್ಕಿಂತ ಹೆಚ್ಚೇ ಕರೆಂಟ್ ಎಳೆಯುತ್ತದೆ.

ತೀರ್ಥಹಳ್ಳಿಯವ: ಕೊಳವೆಯನ್ನು ಕಿತ್ತು ಹಿಂದಕ್ಕೆ ಸರಿಸಿದೆ. ಅರ್ತಿನ ಕಪ್ಪು ವೈರ್ ಪೂರ್ತಿ ತುಂಡಾಗಿತ್ತು, ತಾಮ್ರದ ತುದಿ ಹಸಿರುಗಟ್ಟಿತ್ತು. ಮಡಿಕೆಯ ಆಚೀಚೆಗೆ ಉದ್ದವಾಗಿ ಹೊಸ ತುಂಡು ಸೇರಿಸಿ ಬೆಸುಗೆ ಹಾಕಿದೆ. ದೀಪ ಉರಿಯಿತು, ವೈಪರ್ ತಿರುಗಿತು! ಆದರೆ ಹೊಸ ತಲೆನೋವು ಶುರುವಾಗಿದೆ: ತೋಳು ಗಾಜನ್ನು ಬಿಟ್ಟು ಕೆಳಗಿಳಿದು ಬಾಗಿಲಿನ ತಗಡಿಗೆ ಟಕ್ ಟಕ್ ಎಂದು ಹೊಡೆಯುತ್ತಿದೆ.

ಹಳೇ ಡೀಸೆಲ್: ವೈಪರ್ ಕೆಟ್ಟ ದಿನ ತೋಳು ಎಲ್ಲಿ ನಿಂತಿತ್ತು?

ತೀರ್ಥಹಳ್ಳಿಯವ: ಗಾಜಿನ ಮೇಲೆ, ಅಂಚಿನಿಂದ ಒಂದು ಗೇಣು ಎತ್ತರದಲ್ಲಿ. ಎಣ್ಣೆ ಹಾಕಿದ ಮೇಲೆ ಅಂದವಾಗಿ ಕೆಳಗೆ ಮಲಗಿಸಿ ನಟ್ ಬಿಗಿದೆ.

ಹಳೇ ಡೀಸೆಲ್: ಮೋಟಾರ್ ಅರ್ಧದಾರಿಯಲ್ಲಿ ನಿಂತಿದ್ದಾಗ ನೀವು ತೋಳನ್ನು ಮಲಗಿಸಿದ್ದೀರಿ. ತೋಳನ್ನು ಕಳಚಿ, ಸ್ವಿಚ್ ಹಾಕಿ ಆರಿಸಿ ಮೋಟಾರ್ ತಾನಾಗಿ ತನ್ನ ಜಾಗಕ್ಕೆ ಬಂದು ನಿಲ್ಲಲಿ, ಆಮೇಲೆ ಕೂರಿಸಿ. ತೋಳು ಕಳಚಲು ಹೇಳಿದವನು ನಾನೇ, ಇದನ್ನೂ ಹೇಳಬೇಕಿತ್ತು. ಶಾಫ್ಟಿನಲ್ಲಿ ತುಕ್ಕು ಕಂಡಿತೇ?