ಕಂಟೇನರ್ ತುಂಬುವವರಿಗೆ ಅಪಾಯಕಾರಿ ಸರಕಿನ ತರಬೇತಿ: ಯಾರಿಗೆ ಏನು ಕಲಿಸಬೇಕು?

ಉಗ್ರಾಣಿ:
ಸಲ್ಫ್ಯೂರಿಕ್ ಆಸಿಡ್, ಕಾಸ್ಟಿಕ್ ಸೋಡಾ ದ್ರಾವಣ, ಪೇಂಟ್, ಲಿಥಿಯಂ ಬ್ಯಾಟರಿ ಇವಿಷ್ಟು ನಮ್ಮ ಗೋದಾಮಿನಿಂದ ಕಂಟೇನರಿನಲ್ಲಿ ಹಡಗಿಗೆ ಹೋಗುತ್ತವೆ. ಸ್ಟಫಿಂಗ್ (ಕಂಟೇನರ್ ತುಂಬುವ ಕೆಲಸ) ಮಾಡುವವರಿಗೂ ಡಿಕ್ಲರೇಶನ್ (ಸರಕಿನ ಘೋಷಣಾ ಪತ್ರ) ಬರೆಯುವವರಿಗೂ ಒಂದೇ ತರಗತಿ, ಒಂದೇ ಸ್ಲೈಡು. ಅಪಾಯದ ಒಂಬತ್ತು ಕ್ಲಾಸುಗಳನ್ನು ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ, ಕಂಟೇನರ್ ಬಾಗಿಲಲ್ಲಿ ನಿಂತಾಗ ತಪ್ಪುತ್ತಾರೆ. ಏನು ಬದಲಾಯಿಸಬೇಕು? ಬಲ್ಲವರು ತಿಳಿಸಿ.

ಲಂಗರು:
ಐಎಂಡಿಜಿ ಕೋಡ್‌ನ 1.3ನೇ ಅಧ್ಯಾಯ ನೋಡಿ ಸರ್, ಅಪಾಯಕಾರಿ ಸರಕನ್ನು ಹಡಗಿನಲ್ಲಿ ಸಾಗಿಸುವ ಅಂತರರಾಷ್ಟ್ರೀಯ ನಿಯಮ ಅದು. ದಡದ ಮೇಲೆ ಕೆಲಸ ಮಾಡುವವರಿಗೂ ತರಬೇತಿ 2010ರಿಂದ ಕಡ್ಡಾಯ. ಸಾಮಾನ್ಯ ತಿಳಿವಳಿಕೆ, ಅವರವರ ಕೆಲಸಕ್ಕೆ ತಕ್ಕ ತರಬೇತಿ, ಸುರಕ್ಷತೆ ಎಂದು ಅದರಲ್ಲಿ ಮೂರು ಭಾಗ. ನಿಮ್ಮಲ್ಲಿ ಬಿಟ್ಟುಹೋಗಿರುವುದು ನಡುವಿನದು. ಲೇಬಲ್ ಅಂಟಿಸುವವರಿಗೆ ಡಿಕ್ಲರೇಶನ್ ಬರೆಯಲು ಬರಬೇಕಿಲ್ಲ. ಬರೆಯುವವರಿಗೆ ಮಾತ್ರ ಯುಎನ್ ನಂಬರ್ (ಪ್ರತಿ ಅಪಾಯಕಾರಿ ಸರಕಿನ ಗುರುತಿನ ಸಂಖ್ಯೆ), ಸಾಗಣೆ ಹೆಸರು, ಕ್ಲಾಸ್, ಪ್ಯಾಕಿಂಗ್ ಗ್ರೂಪ್ (ಅಪಾಯದ ಮಟ್ಟ, 1 ಅತಿ ಹೆಚ್ಚು) ಇದೇ ಕ್ರಮದಲ್ಲಿ ಬರಬೇಕು, ಪೇಂಟಿನ ಫ್ಲ್ಯಾಶ್ ಪಾಯಿಂಟ್ (ಅದರ ಆವಿ ಕಿಡಿಗೆ ಹೊತ್ತಿಕೊಳ್ಳುವ ಉಷ್ಣಾಂಶ) 60 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದನ್ನೂ ನಮೂದಿಸಲು ಗೊತ್ತಿರಬೇಕು. ತರಬೇತಿ ಆಗದವರು ಕಲಿತವರ ಕಣ್ಣೆದುರಿಗಷ್ಟೇ ಆ ಕೆಲಸ ಮಾಡಬಹುದು.

ಕೋಡ್ ಎರಡು ವರ್ಷಕ್ಕೊಮ್ಮೆ ತಿದ್ದುಪಡಿಯಾಗುತ್ತದೆ. 42-24ನೇ ತಿದ್ದುಪಡಿ 2026ರ ಜನವರಿ 1ರಿಂದ ಕಡ್ಡಾಯ. ನಿಮ್ಮ ಸ್ಲೈಡಿನಲ್ಲಿ ಸೋಡಿಯಂ ಅಯಾನ್ ಬ್ಯಾಟರಿಯ ಯುಎನ್ 3551 ಇಲ್ಲದಿದ್ದರೆ ಅದು ಹಳೆಯದು.

ಡ್ರಮ್ ನೋಡುವವ:
ಸ್ಟಫಿಂಗ್ ತಂಡದ ಮುಂದೆ ಸ್ಲೈಡಿನ ಬದಲು ಒಂದು ಖಾಲಿ ಡ್ರಮ್ಮು ಇಡಿ. ಮೇಲೆ 1ಎಚ್1/ವೈ1.9/150 ಎಂದಿದ್ದರೆ ಓದಿಸಿ: ಮುಚ್ಚಳ ತೆಗೆಯಲಾಗದ ಪ್ಲಾಸ್ಟಿಕ್ ಡ್ರಮ್ಮು, ಪ್ಯಾಕಿಂಗ್ ಗ್ರೂಪ್ 2 ಮತ್ತು 3ಕ್ಕೆ ಸರಿ, ಸಾಪೇಕ್ಷ ಸಾಂದ್ರತೆ (ನೀರಿಗೆ ಹೋಲಿಸಿದ್ದು) 1.9ರವರೆಗೆ, ಒತ್ತಡ ಪರೀಕ್ಷೆ 150 ಕಿಲೋಪ್ಯಾಸ್ಕಲ್. ಗಾಢ ಸಲ್ಫ್ಯೂರಿಕ್ ಆಸಿಡ್ಡಿನ ಸಾಂದ್ರತೆ 1.84. ಅದಕ್ಕೆ ಸಾಲದ ವೈ1.4 ಡ್ರಮ್ಮು ನೋಡಲು ಹಾಗೇ ಇರುತ್ತದೆ, ಆದರೆ ನೀರು ತುಂಬಿ 1.4 ಮೀಟರ್ ಎತ್ತರದಿಂದಷ್ಟೇ ಬೀಳಿಸಿ ನೋಡಿದ್ದು. 1.9ರದ್ದನ್ನು 1.9 ಮೀಟರಿನಿಂದ. ಈ ಒಂದು ವ್ಯತ್ಯಾಸ ಕೈಯಿಟ್ಟು ತೋರಿಸಿದರೆ ಮರೆಯುವುದಿಲ್ಲ.

ತಯಾರಾದ ತಿಂಗಳು, ವರ್ಷವನ್ನೂ ಹುಡುಕಿಸಿ. ಪ್ಲಾಸ್ಟಿಕ್ ಡ್ರಮ್ಮಿನ ಆಯಸ್ಸು ಸಾಮಾನ್ಯವಾಗಿ 5 ವರ್ಷ. ಬಂಗ್ (ಡ್ರಮ್ಮಿನ ಬಾಯಿಯ ತಿರುಪು ಮುಚ್ಚಳ) ಬಿಗಿಮಾಡುವುದು ಕೈಯಳತೆಯಲ್ಲಿ ಬೇಡ, ತಯಾರಕರು ಕೊಟ್ಟ ಅಳತೆಗೆ ಟಾರ್ಕ್ ರೆಂಚ್ ಬಳಸಿ. ಸಮುದ್ರಕ್ಕೆ ಇಳಿದ ಮೇಲೆ ಸೋರಿಕೆ ನಿಲ್ಲಿಸುವವರು ಯಾರೂ ಇರುವುದಿಲ್ಲ. 2021ರಲ್ಲಿ ಎಕ್ಸ್-ಪ್ರೆಸ್ ಪರ್ಲ್ ಹಡಗಿನಲ್ಲಿ ನೈಟ್ರಿಕ್ ಆಸಿಡ್ ಕಂಟೇನರ್ ಸೋರುತ್ತಿರುವುದು ಗೊತ್ತಾದ ಮೇಲೂ ಅದನ್ನು ಇಳಿಸಿಕೊಳ್ಳಲು ಎರಡು ಬಂದರುಗಳು ಒಪ್ಪಲಿಲ್ಲ. ಕೊನೆಗೆ ಕೊಲಂಬೊ ಹತ್ತಿರ ಹಡಗು ಹೊತ್ತಿ ಉರಿದು ಮುಳುಗಿತು.

ಪ್ಲಕಾರ್ಡ್:
ಬಾಗಿಲಲ್ಲಿ ಆಗುವ ದೊಡ್ಡ ತಪ್ಪು ಆಸಿಡ್ ಮತ್ತು ಕಾಸ್ಟಿಕ್ ಒಟ್ಟಿಗೆ ಹಾಕುವುದು. ಎರಡೂ ಕ್ಲಾಸ್ 8 (ಕೊರೆಯುವ ವಸ್ತುಗಳು), ಲೇಬಲ್ ಒಂದೇ, ಹಾಗಾಗಿ ಜೊತೆಗಿಟ್ಟರೆ ತಪ್ಪೇನು ಅನ್ನಿಸುತ್ತದೆ. ಕ್ಲಾಸುಗಳ ಪಟ್ಟಿಯಲ್ಲಿ ತಡೆಯಿಲ್ಲ ನಿಜ, ಆದರೆ ಕೋಡಿನ ಸರಕಿನ ಪಟ್ಟಿಯ 16ಬಿ ಅಂಕಣ ಇವೆರಡನ್ನೂ ಬೇರ್ಪಡಿಸಿ ಎನ್ನುತ್ತದೆ. ಅಂದರೆ ಒಂದೇ ಕಂಟೇನರ್ ಬೇಡ.

ಬ್ಯಾಟರಿ ವಿಷಯ ಚಿಕ್ಕದು: ಪೆಟ್ಟಿಗೆಗೆ 9ಎ (ಬ್ಯಾಟರಿ ಚಿತ್ರವಿರುವ) ಲೇಬಲ್, ಕಂಟೇನರಿನ ನಾಲ್ಕೂ ಬದಿಗೆ ಬರೀ ಕ್ಲಾಸ್ 9ರ ಪ್ಲಕಾರ್ಡ್ (ದೊಡ್ಡ ಲೇಬಲ್), 250 ಮಿಲಿಮೀಟರ್ ಚೌಕ. ಹಿಂದಿನ ಸರಕಿನ ಪ್ಲಕಾರ್ಡ್ ಕಿತ್ತು ಹಾಕಿಸಿ.

ಉಗ್ರಾಣಿ:
ನಮ್ಮದು 25 ಲೀಟರ್ ಕ್ಯಾನು. 30 ಲೀಟರಿನೊಳಗಿದ್ದರೆ ಒಟ್ಟಿಗೆ ಹಾಕಬಹುದು ಅನ್ನುತ್ತಾರಲ್ಲ?

ಪ್ಲಕಾರ್ಡ್:
ಕೋಡಿನ 7.2.6.5ರ ವಿನಾಯಿತಿ ಅದು. ಅರ್ಧ ಓದಿ ಬಳಸುವವರೇ ಹೆಚ್ಚು. ಪ್ಯಾಕಿಂಗ್ ಗ್ರೂಪ್ 2 ಅಥವಾ 3, 30 ಲೀಟರ್ ಮಿತಿ ಎರಡೂ ಸರಿ, ಆದರೆ ಅವು ಬೆರೆತರೆ ಅಪಾಯಕಾರಿ ಪ್ರತಿಕ್ರಿಯೆ ಆಗಬಾರದು, ಅದಕ್ಕೆ ಪರೀಕ್ಷಾ ವರದಿ ಬೇಕು, ದಾಖಲೆಯಲ್ಲೂ ಬರೆಯಬೇಕು. ಗಾಢ ಸಲ್ಫ್ಯೂರಿಕ್‌ಗೆ ಕಾಸ್ಟಿಕ್ ಬಿದ್ದರೆ ಕುದಿದು ಸಿಡಿಯುತ್ತದೆ. ನಿಮಗೆ ಆ ವಿನಾಯಿತಿ ಸಿಗುವುದಿಲ್ಲ, ಎರಡು ಕಂಟೇನರ್ ಬುಕ್ ಮಾಡಿ.