ಡ್ಯೂಟಿ ಬದಲಾಗುವಾಗ ಇನ್ಸುಲಿನ್ ವಿವರವನ್ನು ಹೇಗೆ ಒಪ್ಪಿಸಬೇಕು?

ಪ್ರಶ್ನೆ: ಸ್ಟಾಫ್ ನರ್ಸ್, ವಿಜಯಪುರ

ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಎರಡು ವರ್ಷಗಳಿಂದ ಇಲ್ಲಿನ ಒಂದು ಖಾಸಗಿ ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದೇನೆ. 22 ಹಾಸಿಗೆಗಳಿಗೆ ರಾತ್ರಿ ಇಬ್ಬರು ನರ್ಸ್‌ಗಳಿರುತ್ತೇವೆ. ಒಬ್ಬರು ರಜೆ ಹಾಕಿದರೆ ಉಳಿದವರೊಬ್ಬರೇ ನೋಡಿಕೊಳ್ಳಬೇಕು. ಡ್ಯೂಟಿ ಬದಲಾಗುವಾಗ ಕೌಂಟರಿನ ಬಳಿ ನಿಂತು, ಹತ್ತು ನಿಮಿಷದೊಳಗೆ ಎಲ್ಲರ ಓವರ್ (ಮುಂದಿನ ಪಾಳಿಯವರಿಗೆ ರೋಗಿಗಳ ವಿವರ ಒಪ್ಪಿಸುವುದು) ಕೊಟ್ಟು ಮುಗಿಸುವುದು ನಮ್ಮಲ್ಲಿ ಮೊದಲಿನಿಂದ ಬಂದ ರೂಢಿ.

ಕಳೆದ ವಾರ ರಾತ್ರಿ 8 ಗಂಟೆಗೆ ನನಗೆ ಸಿಕ್ಕ ಓವರ್ ಇಷ್ಟೇ: ‘ಒಂಬತ್ತನೇ ಬೆಡ್, ಕಾಲಿನ ಗಾಯ, ಶುಗರ್ ಇದೆ, 9 ಗಂಟೆಗೆ ಗ್ಲಾರ್ಜಿನ್ 20 ಯೂನಿಟ್.’ ಗ್ಲಾರ್ಜಿನ್ ಒಂದು ಬಗೆಯ ಇನ್ಸುಲಿನ್. ಇಂಡಿ ತಾಲ್ಲೂಕಿನ ಆ ಹಿರಿಯ ರೈತರ ಔಷಧಿಯನ್ನು ಮನೆಯವರೇ ತಂದು ಫ್ರಿಜ್‌ನಲ್ಲಿ ಇಡಿಸಿದ್ದರು. ನಾನು ವಯಲ್ (ಔಷಧಿಯ ಚಿಕ್ಕ ಬಾಟಲಿ) ತೆಗೆದು, ಟ್ರೇಯಲ್ಲಿದ್ದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದುಕೊಂಡು ಹಾಸಿಗೆಯ ಬಳಿ ಹೋದೆ. ಅವರ ಸೊಸೆ ಸಿರಿಂಜನ್ನು ನೋಡಿ, ‘ಅಕ್ಕಾರ, ಮನ್ಯಾಗ ನಾನ ಮಾಡ್ತೀನ್ರಿ, ಇಷ್ಟ ತುಂಬಾಂಗಿಲ್ರಿ, ಇದರ ಅರ್ಧಕ್ಕಿಂತ ಕಡಿಮಿ ಇರತೈತಿ’ ಎಂದರು. ಆಗ ವಯಲ್ ತಿರುಗಿಸಿ ಓದಿದೆ. ಅದು ಮಿಲಿಗೆ 100 ಯೂನಿಟ್‌ನದು. ನನ್ನ ಕೈಯಲ್ಲಿದ್ದುದು ಮಿಲಿಗೆ 40 ಯೂನಿಟ್‌ನ ಇನ್ಸುಲಿನ್ನಿಗಾಗಿ ಗೆರೆ ಹಾಕಿದ ಸಿರಿಂಜು. ಇಂಜೆಕ್ಷನ್ ಕೊಡಲಿಲ್ಲ, ರೋಗಿಗೆ ಏನೂ ಆಗಲಿಲ್ಲ. ಆದರೆ ಆ ರಾತ್ರಿಯಿಡೀ ನನ್ನ ಕೈ ನಡುಗುತ್ತಲೇ ಇತ್ತು.

ಬೆಳಿಗ್ಗೆ ಮೇಲಿನವರಿಗೆ ತಿಳಿಸಿದಾಗ, ‘ಏನೂ ಆಗಿಲ್ಲವಲ್ಲ, ಬರೆಯುವುದು ಬೇಡ’ ಎಂಬ ಉತ್ತರ ಬಂತು. ಇದನ್ನು ಬರೆದಿಡಬೇಕೇ? ಇಂಥದ್ದು ಮತ್ತೆ ಆಗದಂತೆ ಓವರ್ ಕೊಡುವ ಕ್ರಮವನ್ನು ಹೇಗೆ ಬದಲಿಸಬೇಕು? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ನಿವೃತ್ತ ನರ್ಸಿಂಗ್ ಅಧೀಕ್ಷಕಿ, ಬಾಗಲಕೋಟೆ

ತಂಗಿ, ಮೊದಲು ಲೆಕ್ಕವನ್ನು ಸ್ಪಷ್ಟವಾಗಿ ನೋಡೋಣ. ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆ ಎಂದರೆ ಅರ್ಧ ಮಿಲಿ. 40ರ ವಯಲ್‌ನಿಂದ ಎಳೆದರೆ ಅದು ಸರಿಯಾಗಿ 20 ಯೂನಿಟ್. 100ರ ವಯಲ್‌ನಿಂದ ಎಳೆದರೆ 50 ಯೂನಿಟ್, ಅಂದರೆ ಬರೆದದ್ದಕ್ಕಿಂತ ಎರಡೂವರೆ ಪಟ್ಟು. ಆ ಸೊಸೆ ಮನೆಯಲ್ಲಿ ಕಿತ್ತಳೆ ಬಣ್ಣದ ಮುಚ್ಚಳದ 100ರ ಸಿರಿಂಜು ಬಳಸುತ್ತಿರಬೇಕು. ಅದರಲ್ಲಿ 20 ಯೂನಿಟ್ ಎಂದರೆ 0.2 ಮಿಲಿ ಮಾತ್ರ. ಆಕೆ ಅಂಕಿಯ ಬದಲು ಪ್ರಮಾಣವನ್ನು ಕಣ್ಣಳತೆಯಲ್ಲಿ ನೆನಪಿಟ್ಟುಕೊಂಡಿದ್ದರಿಂದ ಒಂದು ಜೀವ ಉಳಿಯಿತು. ಗ್ಲಾರ್ಜಿನ್ ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ ಆದ್ದರಿಂದ, ಕೊಟ್ಟುಬಿಟ್ಟಿದ್ದರೆ ಸಕ್ಕರೆ ಇಳಿಯುವುದು ಒಂದೆರಡು ಗಂಟೆಗೆ ನಿಲ್ಲುತ್ತಿರಲಿಲ್ಲ, ಮರುದಿನದವರೆಗೂ ಕಾಡುತ್ತಿತ್ತು. ನಿದ್ದೆಯಲ್ಲಿರುವ ವೃದ್ಧರು ಬೆವರಿದರೂ ನಡುಗಿದರೂ ರಾತ್ರಿ ಯಾರಿಗೂ ಬೇಗ ತಿಳಿಯುವುದಿಲ್ಲ. ಇನ್ನೂ ಒಂದು ಅಪಾಯವಿದೆ: ಗ್ಲಾರ್ಜಿನ್ ಸಹ ಬೇಗ ಕೆಲಸ ಮಾಡುವ ರೆಗ್ಯುಲರ್ ಇನ್ಸುಲಿನ್ನಿನ ಹಾಗೆ ನೀರಿನಷ್ಟು ತಿಳಿಯಾಗಿರುತ್ತದೆ, ಲೇಬಲ್ ಓದದೆ ಬಣ್ಣ ನೋಡಿ ಗುರುತಿಸಲಾಗದು.

ಆದ್ದರಿಂದ ‘20 ಯೂನಿಟ್’ ಎಂಬಷ್ಟೇ ಓವರ್ ಅರ್ಧ ಓವರ್. ಯಾವ ಇನ್ಸುಲಿನ್, ಮಿಲಿಗೆ ಎಷ್ಟು ಯೂನಿಟ್‌ನದು, ಯಾವ ಸಿರಿಂಜು, ಕೊನೆಯ ಡೋಸ್ ಎಷ್ಟು ಗಂಟೆಗೆ, ಆಗ ಶುಗರ್ ಎಷ್ಟಿತ್ತು ಎಂಬುದನ್ನು ವಯಲ್ ಮತ್ತು ಸಿರಿಂಜನ್ನು ಕೈಯಲ್ಲಿ ಹಿಡಿದು, ಬರುವವರಿಗೆ ತೋರಿಸಿ ಒಪ್ಪಿಸಬೇಕು.

ನಮ್ಮ ಕಡೆಯ ಇನ್ನೊಂದು ಸಂಗತಿಯನ್ನು ಯಾವ ಪಠ್ಯಪುಸ್ತಕವೂ ನನಗೆ ಹೇಳಿಕೊಡಲಿಲ್ಲ. ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಡಬೇಕಾದ ರೆಗ್ಯುಲರ್ ಅಥವಾ ಮಿಶ್ರ ಇನ್ಸುಲಿನ್ನನ್ನು ನಾವು ಗಡಿಯಾರ ನೋಡಿ ಕೊಟ್ಟುಬಿಡುತ್ತೇವೆ. ರೋಗಿಯ ಬುತ್ತಿ ಮಾತ್ರ ಹಳ್ಳಿಯಿಂದ ಬಸ್ಸಿನಲ್ಲಿ ಬರಬೇಕಾಗಿರುತ್ತದೆ, ಬಸ್ಸು ತಡವಾದರೆ ರೊಟ್ಟಿಯೂ ತಡ. ‘ರೊಟ್ಟಿ ಬಂತೇ?’ ಎಂಬ ಪ್ರಶ್ನೆಯನ್ನು ನಾನು ನನ್ನ ವಾರ್ಡಿನ ಓವರ್ ಪುಸ್ತಕದಲ್ಲಿ ಒಂದು ಕಾಲಮ್ಮಾಗಿಯೇ ಬರೆಸಿದ್ದೆ. ಶುಗರ್ 70ಕ್ಕಿಂತ ಕೆಳಗಿಳಿದು ರೋಗಿ ಎಚ್ಚರವಿದ್ದರೆ 15 ಗ್ರಾಂ ಗ್ಲೂಕೋಸ್ ಅಥವಾ ಮೂರು ಚಮಚ ಸಕ್ಕರೆ ಕೊಟ್ಟು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು; ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ವೈದ್ಯರನ್ನು ಕರೆದು ಡೆಕ್ಸ್ಟ್ರೋಸ್ ಡ್ರಿಪ್‌ಗೆ ಸಿದ್ಧಪಡಿಸಿಕೊಳ್ಳಬೇಕು.

ಉತ್ತರ 2: ನರ್ಸಿಂಗ್ ಬೋಧಕಿ, ಬೆಳಗಾವಿ

ಬರೆದಿಡಲೇಬೇಕು. ರೋಗಿಯವರೆಗೆ ತಲುಪದೆ ತಪ್ಪಿದ ಇಂಥ ಘಟನೆಗೆ ‘ನಿಯರ್ ಮಿಸ್’ ಎನ್ನುತ್ತಾರೆ, ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ಎನ್‌ಎಬಿಎಚ್ ಮಂಡಳಿಯ ಮಾನದಂಡಗಳು ಇವುಗಳನ್ನೂ ದಾಖಲಿಸಬೇಕೆನ್ನುತ್ತವೆ. ಬರೆಯುವಾಗ ‘ನನ್ನಿಂದ ತಪ್ಪಾಯಿತು’ ಎಂದು ಕ್ಷಮೆ ಕೇಳುವ ಧಾಟಿ ಬೇಡ, ಮತ್ತೊಬ್ಬರನ್ನು ದೂರುವ ಧಾಟಿಯೂ ಬೇಡ. ಗಂಟೆ, ವಯಲ್ ಮೇಲಿನ ಅಂಕಿ, ಸಿರಿಂಜಿನ ಬಗೆ, ಓವರ್‌ನಲ್ಲಿ ಹೇಳಿದ ಮಾತು, ಯಾರು ಹೇಗೆ ತಡೆದರು ಎಂಬುದನ್ನು ನಡೆದಂತೆ ಬರೆಯಿರಿ. ಎರಡು ಬಗೆಯ ಸಿರಿಂಜುಗಳು ಒಂದೇ ಟ್ರೇಯಲ್ಲಿ ಬೆರೆತಿವೆಯೇ, 100ರ ಸಿರಿಂಜು ವಾರ್ಡಿನಲ್ಲಿ ಇದೆಯೇ ಇಲ್ಲವೇ ಎಂಬುದು ಆಡಳಿತಕ್ಕೆ ಬೇರೆ ದಾರಿಯಿಂದ ತಿಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧಿಯಿಂದಾಗುವ ತಪ್ಪಿಸಬಹುದಾದ ಹಾನಿಯನ್ನು ತಗ್ಗಿಸಲು ಅಭಿಯಾನ ಆರಂಭಿಸಿತು. ಇನ್ಸುಲಿನ್ ಹೆಚ್ಚು ಅಪಾಯದ ಔಷಧಿಗಳ ಪಟ್ಟಿಯಲ್ಲಿ ಯಾವಾಗಲೂ ಇರುತ್ತದೆ. ಇಂಥ ಔಷಧಿಯನ್ನು ಇಬ್ಬರು ಬೇರೆ ಬೇರೆಯಾಗಿ ಲೆಕ್ಕ ಹಾಕಿ ತಾಳೆ ನೋಡಬೇಕು. ನೀವು ಒಬ್ಬರೇ ಇರುವ ರಾತ್ರಿ ಡ್ಯೂಟಿ ಡಾಕ್ಟರನ್ನೋ ಐಸಿಯು ಸಿಸ್ಟರನ್ನೋ ಕರೆಯಲು ಸಂಕೋಚಪಡಬೇಡಿ.

ಮೇಲಿನ ಹಿರಿಯರ ಮಾತಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಹಾಸಿಗೆಯ ಬಳಿ ಓವರ್ ಕೊಡುವಾಗ ಔಷಧಿ, ಗಾಯ, ಡ್ರಿಪ್ ವಿಚಾರಗಳನ್ನು ಅಲ್ಲಿಯೇ ಹೇಳಬಹುದು. ಎಚ್‌ಐವಿ ವರದಿ, ಗರ್ಭಪಾತ, ಮನೋರೋಗದಂಥ ವಿವರಗಳನ್ನು ಪಕ್ಕದ ಹಾಸಿಗೆಯವರ ಕಿವಿಗೆ ಬೀಳುವಂತೆ ಹೇಳಕೂಡದು. ನಮ್ಮ ಬೆಳಗಾವಿಯಲ್ಲಿ ಮರಾಠಿ ಮಾತ್ರ ಬಲ್ಲ ರೋಗಿಗಳು ಬಹಳ. ಅವರ ಮನೆಯವರೊಡನೆ ಯಾವ ಭಾಷೆಯಲ್ಲಿ ಮಾತನಾಡಬೇಕೆಂಬುದನ್ನೂ ನಾವು ಓವರ್‌ನಲ್ಲಿ ಹೇಳುತ್ತೇವೆ.

ಉತ್ತರ 3: ಸ್ಟಾಫ್ ನರ್ಸ್, ಜಮಖಂಡಿ

ಹೇಳಿದ್ದೆಲ್ಲ ಸರಿ, ಆದರೆ 22 ಹಾಸಿಗೆಗಳ ಮುಂದೆ ನಿಂತು ಎಲ್ಲವನ್ನೂ ತೋರಿಸುತ್ತ ಹೋದರೆ ಒಂದು ಗಂಟೆ ಬೇಕು, ಆ ಗಂಟೆಗೆ ಯಾರೂ ಸಂಬಳ ಕೊಡುವುದಿಲ್ಲ. ಸಾಮಾನ್ಯ ವಾರ್ಡಿಗೆ ಭಾರತೀಯ ನರ್ಸಿಂಗ್ ಕೌನ್ಸಿಲ್ಲಿನ ಮಾನದಂಡ ಬೋಧನಾ ಆಸ್ಪತ್ರೆಗಳಲ್ಲಿ ಮೂವರು ರೋಗಿಗಳಿಗೆ, ಇತರ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬ ನರ್ಸ್. ರಜೆಯ ಭರ್ತಿಗೆ ಶೇ 30ರಷ್ಟು ಹೆಚ್ಚುವರಿ ಸಿಬ್ಬಂದಿ. 1947ರ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಬಂದಿದೆ, ಆದರೆ ನಮ್ಮ ರಾತ್ರಿಗಳಲ್ಲಿ ಇಪ್ಪತ್ತಕ್ಕೆ ಒಬ್ಬರೇ ಉಳಿದಿದ್ದೇವೆ. ಬರೆದಿಡುವ ಪ್ರತಿಯೊಂದು ವರದಿಯಲ್ಲೂ ಆ ಪಾಳಿಯಲ್ಲಿ ಎಷ್ಟು ರೋಗಿಗಳಿದ್ದರು, ಎಷ್ಟು ನರ್ಸ್‌ಗಳಿದ್ದರು ಎಂಬ ಎರಡು ಅಂಕಿಗಳು ತಪ್ಪದೆ ಇರಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಸದ್ಯಕ್ಕೆ ನಾವು ಮಾಡುತ್ತಿರುವುದು ಇದು: ಇನ್ಸುಲಿನ್, ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧಿ), ಆಕ್ಸಿಜನ್, ರಕ್ತ ಹಾಕುತ್ತಿರುವವರು, ಆ ದಿನವೇ ಆಪರೇಷನ್ ಆದವರು, ಇಷ್ಟು ಜನರ ಓವರ್ ಮಾತ್ರ ಹಾಸಿಗೆಯ ಬಳಿ, ಉಳಿದವರದು ಕೌಂಟರಿನಲ್ಲಿ. ಇಪ್ಪತ್ತು ನಿಮಿಷ ಸಾಕಾಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ವರದಿ ಬರೆದು ಕೊಟ್ಟೆ. 22 ರೋಗಿಗಳು, ಒಬ್ಬ ನರ್ಸ್ ಎಂಬುದನ್ನು ಮೊದಲ ಸಾಲಿನಲ್ಲಿಯೇ ಬರೆದಿದ್ದೇನೆ, ಸೊಸೆಯ ಮಾತನ್ನು ಅವರು ಆಡಿದಂತೆಯೇ ದಾಖಲಿಸಿದ್ದೇನೆ. ವಾರ್ಡಿನಲ್ಲಿ ಹುಡುಕಿದಾಗ 100ರ ಸಿರಿಂಜು ಒಂದೂ ಇರಲಿಲ್ಲ. ಅವು ಬರುವವರೆಗೆ 100ರ ವಯಲ್‌ಗಳನ್ನು ಬೇರೆ ಡಬ್ಬಿಯಲ್ಲಿಟ್ಟು, ‘ಕೆಂಪು ಸಿರಿಂಜು ಬಳಸಬಾರದು’ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಂಟಿಸಿದ್ದೇನೆ. ಒಂಬತ್ತನೇ ಬೆಡ್‌ನವರ ಡೋಸನ್ನು ಅವರ ಸೊಸೆ ಮನೆಯಿಂದ ತಂದ ಕಿತ್ತಳೆ ಮುಚ್ಚಳದ ಹೊಸ ಸಿರಿಂಜಿನಲ್ಲಿ, ಡ್ಯೂಟಿ ಡಾಕ್ಟರಿಗೆ ತೋರಿಸಿ ಕೊಡುತ್ತಿದ್ದೇನೆ.