ಸಹಾಯ ಬೇಕು: ಗರ್ಭಿಣಿ ವಿದ್ಯಾರ್ಥಿನಿಗೆ ಹಾಜರಾತಿ ರಿಯಾಯಿತಿ ಕೊಡುವವರು ಯಾರು?

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಕಾರವಾರದ ಒಂದು ಖಾಸಗಿ ಕಾಲೇಜಿನಲ್ಲಿ ಎಂ.ಕಾಂ. ಕೊನೆಯ ಸೆಮಿಸ್ಟರ್ ಓದುತ್ತಿದ್ದಾಳೆ. ಈಗ ಅವಳಿಗೆ ಏಳು ತಿಂಗಳು. ಸದಾಶಿವಗಡದಿಂದ ಕಾಳಿ ಸೇತುವೆ ದಾಟಿ ಬರಬೇಕು, ಬೆಳಿಗ್ಗೆ ಬಸ್ಸಿನಲ್ಲಿ ಸೀಟು ಸಿಗುವುದೇ ಕಷ್ಟ. ಬಿಪಿ ಜಾಸ್ತಿಯಾಗಿ ಡಾಕ್ಟರು ಮೂರು ವಾರ ವಿಶ್ರಾಂತಿ ಹೇಳಿದ್ದರು. ಶೇ. 75 ಇರಬೇಕಾದ ಹಾಜರಾತಿ 61ಕ್ಕೆ ಇಳಿದಿದೆ.

"ಈ ವರ್ಷ ಬಿಡಮ್ಮ, ಮಗು ಆದ ಮೇಲೆ ಬಾ" ಅಂದರಂತೆ ಪ್ರಾಂಶುಪಾಲರು. ಡಾಕ್ಟರ ಚೀಟಿ ಲಗತ್ತಿಸಿ ಅರ್ಜಿ ಕೊಟ್ಟೆವು. ಗುಮಾಸ್ತರು ಸೀಲು ಹಾಕದೆ ಮೇಜಿನ ಮೇಲೆ ವಾಪಸ್ ಸರಿಸಿದರು. ತಂಗಿ ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು, ಮನೆ ತನಕ ಮಾತಾಡಲಿಲ್ಲ. ನನಗೆ ತುಂಬಾ ಸಂಕಟವಾಯಿತು.

ಕೆಲಸದಲ್ಲಿರುವವರಿಗೆ ಹೆರಿಗೆ ಸೌಲಭ್ಯದ ಕಾನೂನು ಇದೆ, ಮೊದಲೆರಡು ಮಕ್ಕಳಿಗೆ 26 ವಾರ ಸಂಬಳದ ರಜೆ. ಓದುವವರಿಗೆ ಅದು ಬರುವುದಿಲ್ಲ. ಆದರೆ ವಿದ್ಯಾರ್ಥಿನಿಯರಿಗೂ ಹೆರಿಗೆ ರಜೆ, ಹಾಜರಾತಿ ಸಡಿಲಿಕೆಗೆ ನಿಯಮ ಮಾಡಿ ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2021ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದಿದೆ. ಅದನ್ನು ತೋರಿಸಿದರೆ, "ಧಾರವಾಡದಿಂದ ಆದೇಶ ಬರಲಿ" ಅಂತಾರೆ ಕಾಲೇಜಿನವರು; ನಮ್ಮ ವಿಶ್ವವಿದ್ಯಾಲಯ ಇರುವುದು ಅಲ್ಲಿ.

ನನ್ನ ಪ್ರಶ್ನೆ ಇಷ್ಟೇ. ಈ ರಿಯಾಯಿತಿ ಕೊಡುವ ಅಧಿಕಾರ ಕಾಲೇಜಿಗಿದೆಯಾ, ವಿಶ್ವವಿದ್ಯಾಲಯಕ್ಕಾ? ಅರ್ಜಿಯನ್ನು ನೇರವಾಗಿ ಕುಲಸಚಿವರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಬಹುದಾ? ಹೀಗೆ ರಿಯಾಯಿತಿ ಪಡೆದು ಪರೀಕ್ಷೆ ಬರೆದವರು ಇದ್ದರೆ ದಯವಿಟ್ಟು ತಿಳಿಸಿ.